ಗೆರೆಯ ಚಟ ಬಿಡಿಸುವ ಬಣ್ಣ ಯಾವುದು?

ಮೂವತ್ತನಾಲ್ಕು ವರ್ಷ ಭೂಮಾಪಕನಾಗಿ ದುಡಿದವನು ನಾನು. ಹದ್ದುಬಸ್ತು, ಪೋಡಿ, ಬಾಂದುಕಲ್ಲು ಎಂದು ಊರೂರು ತಿರುಗಿ ಗಡಿ ಎಳೆದ ಕೈ ಇದು. ನಿವೃತ್ತಿಯ ನಂತರ ಕುಂಚ ಹಿಡಿದಾಗಲೂ ಸುಮ್ಮನಿರಲಿಲ್ಲ. ಕಾರವಾರದ ಕೋಡಿಬಾಗದ ನಮ್ಮ ಮನೆಯಿಂದ ಕಾಣುವ ಸದಾಶಿವಗಡದ ಕೋಟೆಗುಡ್ಡಕ್ಕೆ ಮೊದಲು ಪೆನ್ಸಿಲಿನಲ್ಲಿ ಸುತ್ತುಗೆರೆ ಹಾಕಿ, ಆಮೇಲೆ ಒಳಗೆ ಹಸಿರು ತುಂಬುತ್ತಿತ್ತು. ನನಗೆ ಬೇಕಿದ್ದುದು ಅದಲ್ಲ. ಅಮೂರ್ತ ಚಿತ್ರಕಾರ ರಾಮ್ ಕುಮಾರ್ ಅವರ ವಾರಾಣಸಿಯ ಚಿತ್ರಗಳಲ್ಲಿ ಮನೆ, ಸ್ನಾನಘಟ್ಟ ಎಲ್ಲ ಕರಗಿ ಬಣ್ಣದ ತುಂಡುಗಳಷ್ಟೇ ಉಳಿಯುತ್ತವಲ್ಲ, ಕಾಳಿ ನದಿಯ ಅಳಿವೆಯೂ ಹಾಗೆ ಬರಬೇಕೆಂಬ ಆಸೆ. ಅರವತ್ತೊಂದರ ವಯಸ್ಸಿಗೆ ದುರಾಸೆಯೇ ಇರಬಹುದು. ಜಲವರ್ಣ, ತೈಲವರ್ಣ, ಆಕ್ರಿಲಿಕ್ ಮೂರನ್ನೂ ಜೂನ್‌ನಲ್ಲೇ ತಂದು ಒಂದು ವರ್ಷ ಬಳಸಿ ನೋಡಿದೆ.

ಜಲವರ್ಣ ಅಗ್ಗವೆಂದುಕೊಂಡಿದ್ದೆ. ತೆಳು ಹಾಳೆ ನೀರು ತಾಗಿದೊಡನೆ ಹಪ್ಪಳದಂತೆ ಸೊಟ್ಟಗಾಗುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಕೊಂಡರೆ ಬಣ್ಣಕ್ಕಿಂತ ಕಾಗದಕ್ಕೇ ಹೆಚ್ಚು ಖರ್ಚು. ಆದರೂ ನನ್ನ ಅತ್ಯುತ್ತಮ ಚಿತ್ರ ಬಂದದ್ದು ಇದರಲ್ಲೇ, ಅದೂ ತಪ್ಪಿನಿಂದ. ಜುಲೈಯ ಒಂದು ಬೆಳಿಗ್ಗೆ ಆಕಾಶಕ್ಕೆ ಬಳಿದ ಪ್ರಷ್ಯನ್ ನೀಲಿ ಮಧ್ಯಾಹ್ನವಾದರೂ ಆರಿರಲಿಲ್ಲ. ಅದು ತಿಳಿಯದೆ ಕೆಳಗೆ ಗುಡ್ಡದ ಕಂದು ಇಟ್ಟೆ. ಎರಡೂ ಒಂದರೊಳಗೊಂದು ಇಳಿದು ಕೋಟೆ, ಹೊಳೆ, ಮಳೆ ಬೇರೆಬೇರೆಯಾಗಿ ಉಳಿಯಲೇ ಇಲ್ಲ. ಮತ್ತೆ ಹಾಗೆ ಮಾಡಲು ಹೋಗಿ ಹತ್ತು ಹಾಳೆ ಕೆಡಿಸಿದೆ. ಸೆಪ್ಟೆಂಬರ್ ಹೊತ್ತಿಗೆ ಆ ಚಿತ್ರದ ಮೂಲೆಗೂ ಬೂಷ್ಟು ಹಿಡಿದಿತ್ತು.

ತೈಲವರ್ಣದ ಸ್ವಭಾವ ನನಗೆ ತುಂಬ ಹಿಡಿಸಿತು. ಅದು ನೀರಿನಂತೆ ಆರುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ವಾರಗಳೇ ಬೇಕು. ಒಂದು ಸಂಜೆ ಆಸೆ ತಡೆಯಲಾರದೆ ಕಾಳಿ ಸೇತುವೆಗೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದೆ. ಬೆಳಿಗ್ಗೆ ನೋಡಿದರೆ ಚಿತ್ರವೆಲ್ಲ ಗ್ರಾಮ ನಕಾಶೆ! ಹಳೆಯ ಬನಿಯನ್ ಚೂರಿನಿಂದ ಅಡ್ಡಕ್ಕೆ ಒರೆಸಿದೆ. ಗೆರೆ ಹೋಗಿ ನೀರಿನ ಮೇಲೆ ಬೂದು ಮಂಜು ಉಳಿಯಿತು. ಮನಸ್ಸು ಬದಲಾಯಿಸಲು ಒಂದು ರಾತ್ರಿಯ ಕಾಲಾವಕಾಶ ಕೊಡುವ ಬಣ್ಣ ಬೇರೆ ಯಾವುದಿದೆ?

ತೊಂದರೆ ಮಳೆಗಾಲದ್ದು. ಕಿಟಕಿ ಮುಚ್ಚಿದ ಮನೆಯಲ್ಲಿ ಟರ್ಪೆಂಟೈನ್ ಘಾಟು ಹೋಗುವುದೇ ಇಲ್ಲ. “ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೂ ನಿಮ್ಮ ಬಣ್ಣವೇ ಮೂಗಿಗೆ ಬಡಿಯುತ್ತದೆ” ಎಂದಳು ಹೆಂಡತಿ. ಸುಳ್ಳಲ್ಲ. ದೀಪಕ್ಕೆ ಬಂದ ಮಳೆಹುಳುಗಳು ಹಸಿ ಆಕಾಶಕ್ಕೆ ಅಂಟಿ, ಚಿಮಟದಿಂದ ಒಂದೊಂದೇ ರೆಕ್ಕೆ ಕೀಳಬೇಕಾಯಿತು. ಇನ್ನೊಂದು ಮಾತು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ.

ಆಕ್ರಿಲಿಕ್ ಮೊದಲ ನೋಟಕ್ಕೆ ಪ್ಲಾಸ್ಟಿಕ್ಕಿನಂತೆ ಹೊಳೆದು ಬೇಸರ ತರಿಸಿತು. ಆರಿದ ಮೇಲೆ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಅದರ ಅಂದಾಜು ಸಿಗಲು ಎರಡು ತಿಂಗಳು ಹಿಡಿಯಿತು. ಫೋನ್ ಬಂತೆಂದು ತೊಳೆಯದೆ ಬಿಟ್ಟ ಕುಂಚ ಮರಳಿ ಬರುವಷ್ಟರಲ್ಲಿ ಕಡ್ಡಿಯಾಗಿತ್ತು. ಏಪ್ರಿಲ್‌ನಲ್ಲಂತೂ ತಟ್ಟೆಯ ಬಣ್ಣದ ಕೆಳಗೆ ಒದ್ದೆ ಬಟ್ಟೆ ಹಾಸಿ, ಮೇಲೆ ಆಗಾಗ ನೀರು ಚಿಮುಕಿಸಬೇಕು.

ಆದರೆ ಬೇಗ ಆರುವ ಈ ಆತುರದಿಂದಲೇ ನನಗೆ ದಾರಿ ಸಿಕ್ಕಿತು. ಅಮೂರ್ತ ಚಿತ್ರಕಾರ ವಿ.ಎಸ್. ಗಾಯತೊಂಡೆಯವರು ರೋಲರ್, ಪ್ಯಾಲೆಟ್ ಚಾಕುಗಳಿಂದ ಕೆಲಸ ಮಾಡುತ್ತಿದ್ದರೆಂದು ಓದಿದ್ದೆ; ಅವರದು ತೈಲವರ್ಣ, ಇರಲಿ. ಹಾರ್ಡ್‌ವೇರ್ ಅಂಗಡಿಯಿಂದ ಗೋಡೆಗೆ ಪುಟ್ಟಿ ಹಚ್ಚುವ ಮೂರು ಇಂಚಿನ ಪಟ್ಟಿ ತಂದೆ. ಅಷ್ಟು ಅಗಲದ ಪಟ್ಟಿಯನ್ನು ಚಪ್ಪಟೆಯಾಗಿ ಎಳೆದರೆ ಗಡಿಗೆರೆ ಬರುವುದು ಸಾಧ್ಯವೇ ಇಲ್ಲ! ಚಿರೆಕಲ್ಲಿನ ಕೆಂಪು ಬಳಿದು, ಅರ್ಧ ಗಂಟೆ ಬಿಟ್ಟು, ಮೇಲೆ ಸಮುದ್ರದ ಬೂದುಹಸಿರನ್ನು ಒಮ್ಮೆ ಎಳೆದರೆ ಪಟ್ಟಿ ಜಿಗಿದ ಕಡೆಗಳಲ್ಲಿ ಕೆಂಪು ಇಣುಕುತ್ತದೆ. ಮಳೆಯಲ್ಲಿ ಗುಡ್ಡದ ಮಣ್ಣು ಕಾಳಿಗೆ ಇಳಿಯುವುದು ಹೀಗೆಯೇ. ಸರಿಬರದಿದ್ದರೆ ಅದರ ಮೇಲೆ ಇನ್ನೊಂದು ಪದರ.

ತಡವಾಗಿ ಕಲಿಯುವವರು, ಅದರಲ್ಲೂ ಕರಾವಳಿಯವರು, ಕೇಳಿದರೆ ಆಕ್ರಿಲಿಕ್ ಎಂದೇ ಹೇಳುತ್ತೇನೆ. ಕೈ ಮೊದಲೇ ಸಡಿಲವಿದ್ದವರಿಗೆ ಜಲವರ್ಣ ಒಲಿಯಬಹುದು. ಭೂಮಾಪನದ ಸರಪಳಿ ಹಿಡಿದ ನನ್ನ ಕೈಗೆ ಒಲಿಯಲಿಲ್ಲ. ತೈಲವರ್ಣದ ಟ್ಯೂಬುಗಳನ್ನು ಮುಚ್ಚಳ ಬಿಗಿದು ಕಪಾಟಿನಲ್ಲಿ ಇಟ್ಟಿದ್ದೇನೆ. ನವೆಂಬರ್ ಬಂದು ಕಿಟಕಿ ತೆರೆದಿಡುವಂತಾದ ಮೇಲೆ ಜಗಲಿಯಲ್ಲಿ ಬಳಸಬಹುದೆಂದು ಹೆಂಡತಿಯಿಂದ ಒಪ್ಪಿಗೆ ಸಿಕ್ಕಿದೆ.