ಸಾಗರದ ಏರಿಳಿತವಾ, ಶಿಕಾರಿಪುರದ ಕೆರೆ ದಾರಿಯಾ?

ಸೈಕಲ್ ಹತ್ತಿ ಎರಡು ದಿನ ಸುತ್ತೋಣ ಅಂತ ಹೊರಟವರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಈ ಎರಡು ದಾರಿ ಚೆನ್ನ.

ಸಾಗರದ ಕಡೆ ಹೋದರೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಗುಡಿ ಎರಡೂ ಸಾಗರ ಊರಿಗೆ ಹತ್ತಿರ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದೊಳಗೆ ಎರಡನ್ನೂ ನೋಡಿ ಬರಬಹುದು. ಮಾರನೇ ದಿನ ಹೊಳೆಬಾಗಿಲಿಗೆ, ಶರಾವತಿ ಹಿನ್ನೀರಿನ ದಡಕ್ಕೆ. 2025ರಲ್ಲಿ ಹಿನ್ನೀರಿಗೆ ಸೇತುವೆ ಆಗಿದೆ, ಹಾಗಾಗಿ ಆಚೆ ದಡದ ಸಿಗಂದೂರು ದೇವಿಯ ಗುಡಿಗೆ ಹೋಗಲು ಲಾಂಚ್ ಕಾಯಬೇಕಿಲ್ಲ. ಲಾಂಚಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ನೀರು ನೋಡುವ ಸುಖ ಹೋಯ್ತು, ಅದು ಬೇರೆ ಮಾತು. ಏರು ಜಾಸ್ತಿ. ಗೇರ್ ಇಲ್ಲದ ಸೈಕಲ್ಲಾದರೆ ಅಲ್ಲಲ್ಲಿ ಇಳಿದು ತಳ್ಳಬೇಕಾಗುತ್ತದೆ.

ಶಿಕಾರಿಪುರದ ದಾರಿ ಇಷ್ಟು ಸತಾಯಿಸುವುದಿಲ್ಲ. ಅಂಜನಾಪುರ ಜಲಾಶಯ ನೋಡಿ, ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. ಅಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಎತ್ತರದ ಭೇರುಂಡ ಕಂಬ. ಪಕ್ಕದಲ್ಲೇ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ ಕದಂಬ ಮಯೂರಶರ್ಮನ ಕತೆ ಹೇಳುತ್ತದೆ, ಅದೇ ವಂಶದ ರಾಜ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಕೆರೆ ಸುತ್ತಲು ಬಂದವರಿಗೆ ಇದಕ್ಕಿಂತ ಒಳ್ಳೆ ನಿಲ್ದಾಣ ಬೇಕಾ? ನೆರಳು ಮಾತ್ರ ಕಮ್ಮಿ. ಏಪ್ರಿಲ್‌ನಲ್ಲಿ ಹೋಗಿ ಸುಮ್ನೆ ಒಣಗಬೇಡಿ.

ಮೊದಲ ಸಲ ಹೊರಟವರಿಗೆ, ಮಕ್ಕಳ ಜೊತೆ ಹೋಗುವವರಿಗೆ ನಾನು ಹೇಳುವುದು ಬಳ್ಳಿಗಾವಿ. ಕಾಲಲ್ಲಿ ಕಸುವಿದ್ದು, ಅಡಿಕೆ ತೋಟದ ತಂಪು ಬೇಕಿದ್ದರೆ ಸಾಗರ. ಮಳೆಗಾಲದಲ್ಲಿ ಮಾತ್ರ ಸಾಗರದ ಕಡೆ ಬೇಡ. ನವೆಂಬರ್‌ವರೆಗೆ ಕಾಯಿರಿ, ಆಗ ಹಿನ್ನೀರೂ ತುಂಬಿರುತ್ತದೆ.