ಟ್ರಾಪಿಕಲ್ ವೆದರ್ ಡಿಸ್ಕಶನ್: ಮ್ಯಾಪಿಲ್ಲ ಬಣ್ಣ ಇಲ್ಲ, ಆದ್ರೂ ಮೊದ್ಲು ಓದ್ಬೇಕಾದ್ದು ಇದೇ

ಸಮುದ್ರದ ಹವಾಮಾನ ಅಂದ್ರೆ ಈಗ ಎಲ್ರಿಗೂ ಬಣ್ಣದ ಮ್ಯಾಪೇ ಬೇಕು, ಗಾಳಿ ಗೆರೆಗೆರೆಯಾಗಿ ಹರೀತಿರ್ಬೇಕು, ಬೆರಳಿಟ್ಟ ಕಡೆ ಎಷ್ಟು ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಅಂತ ಬಂದ್ಬಿಡ್ಬೇಕು. ನಾನೂ ನೋಡ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಉಷ್ಣವಲಯದ ಸಮುದ್ರದಲ್ಲಿ ಏನು ನಡೀತಿದೆ, ಯಾಕೆ ನಡೀತಿದೆ ಅಂತ ತಿಳ್ಕೊಳ್ಳೋಕೆ ನಾನು ಮೊದ್ಲು ತೆಗೆಯೋದು ಅಮೆರಿಕದ ಮಯಾಮಿಯಲ್ಲಿರೋ ನ್ಯಾಷನಲ್ ಹರಿಕೇನ್ ಸೆಂಟರ್ ಕೊಡೋ ಟ್ರಾಪಿಕಲ್ ವೆದರ್ ಡಿಸ್ಕಶನ್ ಅನ್ನೋ ಬುಲೆಟಿನ್ನು. ಬರೀ ಅಕ್ಷರ. ಫ್ರೀ, ಲಾಗಿನ್ ಕೇಳಲ್ಲ, ಜಾಹೀರಾತಿಲ್ಲ, ನೆಟ್ ತೆವಳ್ತಿದ್ರೂ ಓಪನ್ ಆಗುತ್ತೆ, ನಡು ಸಮುದ್ರದಲ್ಲಿರೋರಿಗೆ ಅದೇ ಅರ್ಧ ಬಲ.

6 ಗಂಟೆಗೊಂದರಂತೆ ದಿನಕ್ಕೆ 4 ಸಲ ಬರುತ್ತೆ. ಎರಡು ಬೇರೆ ಬೇರೆ ಇದೆ. ಒಂದು ಅಟ್ಲಾಂಟಿಕ್‌ಗೆ, ಕೆರಿಬಿಯನ್ನು, ಮೆಕ್ಸಿಕೋ ಕೊಲ್ಲಿ ಎಲ್ಲಾ ಸೇರಿಸಿ ಆ ಕಡೆ ಆಫ್ರಿಕಾ ಕರಾವಳಿವರೆಗೆ. ಇನ್ನೊಂದು ಪೂರ್ವ ಪೆಸಿಫಿಕ್‌ಗೆ, 140 ಡಿಗ್ರಿ ಪಶ್ಚಿಮ ರೇಖಾಂಶದವರೆಗೆ. ಹಿಂದೂ ಮಹಾಸಾಗರ ಇದ್ರಲ್ಲಿ ಹುಡುಕ್ಬೇಡಿ, ಅದು ಇವರ ವ್ಯಾಪ್ತಿಗೆ ಬರಲ್ಲ.

ಮೊದಲ ಸಲ ತೆಗೆದೋರು ಹೆದರಿ ಮುಚ್ಚಿಬಿಡೋದೇ ಹೆಚ್ಚು, ಯಾಕಂದ್ರೆ ಉದ್ದಕ್ಕೆ ಅಕ್ಷಾಂಶ ರೇಖಾಂಶಗಳ ರಾಶಿ. ಆದ್ರೆ ಅದಕ್ಕೊಂದು ಕ್ರಮ ಇದೆ. ಎಲ್ಲಕ್ಕಿಂತ ಮೇಲೆ ಸ್ಪೆಷಲ್ ಫೀಚರ್ಸ್, ಅಂದ್ರೆ ಚಂಡಮಾರುತ, ಗೇಲ್ ವಾರ್ನಿಂಗ್ (34 ನಾಟ್ ದಾಟೋ ಬಿರುಗಾಳಿಯ ಎಚ್ಚರಿಕೆ), ದೊಡ್ಡ ಅಲೆ, ಇಂಥ ತಲೆನೋವೆಲ್ಲ ಅಲ್ಲೇ. ಆಮೇಲೆ ಟ್ರಾಪಿಕಲ್ ವೇವ್‌ಗಳು. ಆಮೇಲೆ ಮಾನ್ಸೂನ್ ಟ್ರಫ್ (ಮಾನ್ಸೂನ್ ಗಾಳಿ ಸೇರೋ ಕಡಿಮೆ ಒತ್ತಡದ ಪಟ್ಟಿ) ಎಲ್ಲಿ ಮುಗಿದು ಐಟಿಸಿಝಡ್ (ಉತ್ತರ ದಕ್ಷಿಣದ ವಾಣಿಜ್ಯ ಮಾರುತಗಳು ಸಮಭಾಜಕದ ಹತ್ರ ಸೇರೋ ಪಟ್ಟಿ) ಎಲ್ಲಿಂದ ಶುರು ಅಂತ. ಅದಾದ್ಮೇಲೆ ಒಂದೊಂದೇ ಸಮುದ್ರದ ವಿವರ.

ನನಗೆ ತುಂಬಾ ಇಷ್ಟ ಆಗೋದು ಟ್ರಾಪಿಕಲ್ ವೇವ್ ಭಾಗ. ಹೆಸರು ನೋಡಿ ನೀರಿನ ಅಲೆ ಅನ್ಕೋಬೇಡಿ, ಇದು ಗಾಳಿಯಲ್ಲಿರೋ ಅಲೆ, ಕಡಿಮೆ ಒತ್ತಡದ ಒಂದು ಉದ್ದ ಪಟ್ಟಿ, ಆಫ್ರಿಕಾ ಮೇಲೆ ಹುಟ್ಟಿ ಪಶ್ಚಿಮಕ್ಕೆ ಹೊರಡುತ್ತೆ, ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಂದು ಬರ್ತಾನೇ ಇರುತ್ತೆ. ಹೆಚ್ಚಿನವು ಒಂದಷ್ಟು ಗುಡುಗು ಮಳೆ ಸುರಿಸಿ ಸುಮ್ನಾಗುತ್ವೆ, ಎಲ್ಲೋ ಕೆಲವು ಮಾತ್ರ ಚಂಡಮಾರುತ ಆಗೋದು. ಬುಲೆಟಿನ್‌ನಲ್ಲಿ ಪ್ರತಿಯೊಂದರ ಆಕ್ಸಿಸ್, ಅಂದ್ರೆ ನಡುಗೆರೆ, ಎಲ್ಲಿದೆ, ಎಷ್ಟು ವೇಗ ಅಂತ ಬರೆದಿರ್ತಾರೆ. ಇವತ್ತು ಒಂದು ವೇವ್ 42 ಡಿಗ್ರಿ ಪಶ್ಚಿಮದಲ್ಲಿದೆ, 15 ನಾಟ್‌ನಲ್ಲಿ ಪಶ್ಚಿಮಕ್ಕೆ ಹೋಗ್ತಿದೆ ಅಂತಿಟ್ಕೊಳ್ಳಿ. 24 ಗಂಟೆಗೆ 360 ನಾಟಿಕಲ್ ಮೈಲಿ, ಆ ಅಕ್ಷಾಂಶದಲ್ಲಿ ಹೆಚ್ಚುಕಮ್ಮಿ 6 ಡಿಗ್ರಿ. ಅಂದ್ರೆ ನಾಳೆ ಹೊತ್ತಿಗೆ ಅದು 48ರ ಹತ್ರ ಇರ್ಬೇಕು. ನಾಳೆಯ ಬುಲೆಟಿನ್‌ನಲ್ಲಿ ಇನ್ನೂ 45ರಲ್ಲೇ ಇದ್ರೆ ಅದು ನಿಧಾನ ಆಗ್ತಿದೆ, ಕಣ್ಣಿಡ್ಬೇಕು ಅಂತ ಅರ್ಥ. ಪೆನ್ನು ಪೇಪರ್ ಇದ್ರೆ ಸಾಕು, ಯಾವ ಆಪೂ ಬೇಡ.

ಮ್ಯಾಪ್ ಸೋತು ಈ ಬುಲೆಟಿನ್ ಗೆಲ್ಲೋ ಜಾಗ ಅಂದ್ರೆ ಟೆಹುವಾಂಟೆಪೆಕ್ ಕೊಲ್ಲಿ. ಮೆಕ್ಸಿಕೋದ ದಕ್ಷಿಣ ತುದಿಯಲ್ಲಿ, ಪೆಸಿಫಿಕ್ ಕಡೆ. ಅಲ್ಲಿ ಬೆಟ್ಟಸಾಲಿನ ನಡುವೆ ಚಿವೇಲಾ ಪಾಸ್ ಅಂತ ಒಂದು ಕಂಡಿ ಇದೆ. ಚಳಿಗಾಲದಲ್ಲಿ ಉತ್ತರದ ತಂಪು ಗಾಳಿ ಮೆಕ್ಸಿಕೋ ಕೊಲ್ಲಿಗೆ ಇಳಿದು ಬೆಟ್ಟಕ್ಕೆ ಒತ್ತಿ ನಿಲ್ಲುತ್ತೆ, ಆ ಕಡೆ ಒತ್ತಡ ಜಾಸ್ತಿ ಈ ಕಡೆ ಕಮ್ಮಿ, ಸಿಕ್ಕಿದ ಕಂಡಿಯಲ್ಲಿ ನುಗ್ಗಿ ಪೆಸಿಫಿಕ್ ಮೇಲೆ ಬೀಳುತ್ತೆ. ಆಕಾಶ ನೋಡಿದ್ರೆ ಬಿಸಿಲು, ಸ್ಯಾಟಲೈಟ್ ಚಿತ್ರದಲ್ಲಿ ಮೋಡದ ಸುಳಿವೂ ಇರಲ್ಲ, ಕೆಳಗೆ ನೋಡಿದ್ರೆ 40 ನಾಟ್ ಗಾಳಿ, ಅಲೆ ಬೀಸಣಿಗೆ ಥರ ದಕ್ಷಿಣಕ್ಕೆ ಹರಡ್ಕೊಂಡು ನೂರಾರು ಮೈಲಿ ದೂರದವರೆಗೂ ಹಡಗನ್ನ ಅಲ್ಲಾಡಿಸುತ್ತೆ. ಬಣ್ಣದ ಮ್ಯಾಪ್‌ಗಳ ಹಿಂದಿರೋ ಜಿಎಫ್‌ಎಸ್ (ಅಮೆರಿಕದ ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಲೆಕ್ಕ) ಥರದ ಜಾಗತಿಕ ಮಾಡೆಲ್ ಲೆಕ್ಕ ಹಾಕೋದು ಸುಮಾರು 13 ಕಿಲೋಮೀಟರಿಗೊಂದು ಚೌಕದಲ್ಲಿ, ಬೆಟ್ಟ ಅದ್ರಲ್ಲಿ ನುಣ್ಣಗಾಗಿಬಿಡುತ್ತೆ, ಕಂಡಿಯ ಗಾಳಿ ಎಷ್ಟೋ ಸಲ ಕಮ್ಮಿ ತೋರಿಸುತ್ತೆ. ಬುಲೆಟಿನ್ ಬರೆಯೋರಿಗೆ ಆ ಜಾಗದ ಚಾಳಿ ಗೊತ್ತು. ಸ್ಕ್ಯಾಟರೋಮೀಟರ್ ಇರೋ ಮೆಟ್‌ಆಪ್ ಸ್ಯಾಟಲೈಟ್ ಅಲ್ಲಿ ಹಾದುಹೋದಾಗ ಎಷ್ಟು ಗಾಳಿ ಕಂಡಿತು ಅಂತ ಎಷ್ಟೋ ಸಲ ಅದನ್ನೂ ಬರೀತಾರೆ (ಅದು ನೀರಿನ ಮೇಲ್ಮೈ ಎಷ್ಟು ಒರಟಾಗಿದೆ ಅಂತ ರೇಡಾರ್‌ನಲ್ಲಿ ಅಳೆದು ಗಾಳಿ ಲೆಕ್ಕ ಹಾಕುತ್ತೆ, ಕೇಳೋಕೆ ಜಾದೂ ಅನ್ಸುತ್ತೆ). ಮಾಡೆಲ್ ಹೇಳಿದ್ದಕ್ಕೂ ಅಳೆದಿದ್ದಕ್ಕೂ ಇರೋ ಈ ವ್ಯತ್ಯಾಸ ಬಣ್ಣದ ಮ್ಯಾಪಲ್ಲಿ ಎಲ್ಲಿ ಸಿಗ್ಬೇಕು.

ಕೊಲಂಬಿಯಾ ಕರಾವಳಿ ಹತ್ರದ ಕೆರಿಬಿಯನ್ ಗಾಳಿಗೂ ಹಾಗೇ ಕಾರಣ ಸಮೇತ ಬರೀತಾರೆ, ಉತ್ತರದ ದೊಡ್ಡ ಹೈ ಪ್ರೆಶರ್‌ಗೂ ಕೊಲಂಬಿಯಾ ಮೇಲಿನ ಲೋಗೂ ನಡುವೆ ಒತ್ತಡದ ಇಳಿಜಾರು ಕಡಿದಾಗಿದೆ, ಅದಕ್ಕೆ ರಾತ್ರಿ ಗಾಳಿ ಏರುತ್ತೆ ಅಂತ. ಕಾರಣ ಗೊತ್ತಿದ್ರೆ ನಾಳೆ ಏನಾಗ್ಬಹುದು ಅಂತ ನಾವೇ ಊಹಿಸ್ಬಹುದು.

ಈಗ ಕೊಂಕು. ಟೈಮೆಲ್ಲಾ ಯುಟಿಸಿ (ಭಾರತದ ಟೈಮಿಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ), ದೂರ ನಾಟಿಕಲ್ ಮೈಲಿ, ಅಲೆಯ ಎತ್ತರ ಅಡಿ ಲೆಕ್ಕದಲ್ಲಿ, ಹೊಸಬರಿಗೆ ಒಂದೂ ಬಿಡಿಸಿ ಹೇಳಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಅಲೆ ಎತ್ತರದ್ದು. ಸೀಸ್ 8ರಿಂದ 10 ಅಡಿ ಅಂತ ಬರೆದಿದ್ರೆ ಅದು ಸಿಗ್ನಿಫಿಕೆಂಟ್ ವೇವ್ ಹೈಟ್, ಅಂದ್ರೆ ಇರೋ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಅದೇ ನೀರಲ್ಲಿ ಆಗೊಮ್ಮೆ ಈಗೊಮ್ಮೆ ಅದರ ಎರಡರಷ್ಟು ಎತ್ತರದ್ದೂ ಬರ್ಬಹುದು. 10 ಅಡಿ ತಾನೇ ಅಂತ ಸಣ್ಣ ಬೋಟ್ ತಗೊಂಡು ಹೊರಡೋರಿಗೆ ಇದು ಗೊತ್ತಿರ್ಲೇಬೇಕು, ಬುಲೆಟಿನ್ ಕೆಳಗೆ ಒಂದು ಸಾಲು ಹಾಕಿದ್ರೆ ಗಂಟೇನು ಹೋಗ್ತಿತ್ತು? ಇನ್ನೊಂದು, 6 ಗಂಟೆ ಗ್ಯಾಪ್‌ನಲ್ಲಿ ದಿಢೀರ್ ಅಂತ ಏಳೋ ಸ್ಕ್ವಾಲ್ (ಸ್ವಲ್ಪ ಹೊತ್ತು ಜೋರಾಗಿ ಬೀಸೋ ಬಿರುಗಾಳಿ) ಇದ್ರಲ್ಲಿ ಸಿಗಲ್ಲ, ಅದಕ್ಕೆ ರೇಡಾರ್ ಮತ್ತೆ ಸ್ವಂತ ಕಣ್ಣೇ ಗತಿ. ಇದಕ್ಕೆಲ್ಲ ಒಂದು ಸ್ಟಾರ್ ಕಟ್, 5ಕ್ಕೆ 4.

ಹರಿಕೇನ್ ಸೀಸನ್ನಲ್ಲಿ, ಅಟ್ಲಾಂಟಿಕ್‌ಗಾದ್ರೆ ಜೂನ್ 1ರಿಂದ ನವೆಂಬರ್ 30, ಪೂರ್ವ ಪೆಸಿಫಿಕ್‌ಗಾದ್ರೆ ಮೇ 15ರಿಂದಲೇ, ಇದೊಂದನ್ನೇ ನಂಬ್ಕೊಂಡು ಕೂರ್ಬೇಡಿ. ಎಲ್ಲಿ ಚಂಡಮಾರುತ ಹುಟ್ಬಹುದು ಅಂತ ಹೇಳೋ 7 ದಿನದ ಔಟ್‌ಲುಕ್ ಬೇರೆ ಬರುತ್ತೆ, ಚಂಡಮಾರುತಕ್ಕೆ ಹೆಸರು ಬಿದ್ಮೇಲೆ ಅದರ ದಾರಿ, ಗಾಳಿ ಹೇಳೋ ಅಡ್ವೈಸರಿಯೂ ಬೇರೆ, ಎರಡನ್ನೂ ನೋಡಿ. ಜೊತೆಗೆ ನಾವಿಕರ 1-2-3 ನಿಯಮ ಅಂತಿದೆ: ಚಂಡಮಾರುತದ 34 ನಾಟ್ ಗಾಳಿಯ ವ್ಯಾಪ್ತಿಗೆ 24 ಗಂಟೆ ಮುಂದಿನ ಜಾಗದಲ್ಲಿ 100 ನಾಟಿಕಲ್ ಮೈಲಿ, 48 ಗಂಟೆಗೆ 200, 72 ಗಂಟೆಗೆ 300 ಸೇರಿಸಿ, ಆ ವೃತ್ತದೊಳಗೆ ಹೋಗದೇ ದೂರ ಇರೋದು. ಆ ವೃತ್ತ ಡಿಸ್ಕಶನ್‌ನಲ್ಲಿ ಯಾರೂ ಬರೆದುಕೊಡಲ್ಲ, ಅಡ್ವೈಸರಿಯ ಅಂಕಿ ನೋಡ್ಕೊಂಡು ಚಾರ್ಟ್ ಮೇಲೆ ನೀವೇ ಎಳ್ಕೋಬೇಕು.