ಮನೆಯ ಹೊಲಿಗೆ ಮಶೀನು: ನಾಲ್ಕು ವರ್ಷ ಬಳಸಿದ ಮೇಲೆ

2021ರ ದಸರಾ ಹೊತ್ತಿಗೆ ಕೊಂಡದ್ದು. ಮೇಜಿನ ಮೇಲಿಟ್ಟು ಹೊಲಿಯುವ ಕರೆಂಟಿನ ಮಶೀನು, ಬೆಲೆ ಹತ್ತೂವರೆ ಸಾವಿರ. ಕಂಪನಿ ಹೆಸರು ಬರೆಯುತ್ತಿಲ್ಲ. ಡಬ್ಬದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಬಗೆಯ ಹೊಲಿಗೆಗಳ ಚಿತ್ರ ಇತ್ತು. ನಾನು ಬಳಸಿದ್ದು ಮೂರೇ: ನೇರ ಹೊಲಿಗೆ, ಝಿಗ್‌ಝಾಗ್, ಗುಂಡಿ ಹಾಕುವ ಕಾಜ. ಆ ಚಿತ್ರಗಳನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಹೊಸ ಬಟ್ಟೆ ಹೊಲಿಯುವ ಆಸೆಯಿಂದ ಕೊಂಡೆ. ಆದರೆ ಈ ಮಶೀನು ದುಡಿದದ್ದೆಲ್ಲ ಬೀರುವಿನಲ್ಲಿದ್ದ ಹಳೇ ಬಟ್ಟೆಗಳ ಮೇಲೆ. ಹೊಲಿಯೋದಕ್ಕಿಂತ ಮೊದಲು ಬಿಚ್ಚೋದು ಕಲಿಯಬೇಕು ಅಂತ ಗೊತ್ತಾದದ್ದೂ ಅದರಿಂದಲೇ.

ಮೊದಲ ತಿಂಗಳು ಕಷ್ಟವಾಯಿತು. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿತ್ತು. ಅಡಿಯ ದಾರ ಸುತ್ತಿಡುವ ಬಾಬಿನ್ ಸರಿಯಿಲ್ಲ ಎಂದುಕೊಂಡು ಅದನ್ನೇ ಮತ್ತೆ ಮತ್ತೆ ತೆಗೆದು ಹಾಕುತ್ತಿದ್ದೆ. ನಮ್ಮ ಅತ್ತೆ ಕಾಲಿನ ಮಶೀನಿನಲ್ಲಿ ಎಷ್ಟೋ ವರ್ಷ ಹೊಲಿದವರು. "ಕೆಳಗೆ ಗಂಟು ಬಂದ್ರೆ ಮೇಲ್ಗಡೆ ನೋಡಮ್ಮ" ಎಂದರು. ನಿಜ. ನಾನು ಮಶೀನಿನ ಪಾದವನ್ನು, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗವನ್ನು, ಇಳಿಸಿಟ್ಟು ದಾರ ಪೋಣಿಸುತ್ತಿದ್ದೆ. ಆಗ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಪೋಣಿಸಲು ಶುರು ಮಾಡಿದ ಮೇಲೆ ಆ ತೊಂದರೆ ಹೋಯಿತು. ಡೆಮೊ ಕೊಡಲು ಬಂದವರು ಇದೊಂದನ್ನು ಹೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಸೂಜಿಯದೂ ಹಾಗೇ. ಕಾಟನ್‌ಗೆ 14ನೇ ನಂಬರ್, ತೆಳು ರೇಷ್ಮೆಗೆ 11, ಜೀನ್ಸ್‌ಗೆ 16. ಟೀಶರ್ಟ್ ಬಟ್ಟೆಗೆ ತುದಿ ಸ್ವಲ್ಪ ಗುಂಡಗಿರುವ ಬೇರೆ ಸೂಜಿಯೇ ಬೇಕು, ಇಲ್ಲದಿದ್ದರೆ ಹೊಲಿಗೆ ತಪ್ಪಿ ತಪ್ಪಿ ಬೀಳುತ್ತದೆ. ಸೂಜಿಗೆ ಜಿಪುಣತನ ಮಾಡಬೇಡಿ.

ಇನ್ನು ಬ್ಲೌಸು. ನನ್ನ ಪ್ರಕಾರ ಮಶೀನಿಗೆ ಕೊಟ್ಟ ದುಡ್ಡು ವಾಪಸ್ಸು ಬರೋದು ಇಲ್ಲಿಯೇ. ನಮ್ಮ ಟೈಲರ್‌ಗಳು ಬ್ಲೌಸಿನ ಪಕ್ಕದಲ್ಲಿ, ಒಳಗಡೆ, ಒಂದಿಷ್ಟು ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಒಂದು ಸಾಲು ಬಿಚ್ಚುವ ಮೊದಲು ಈ ಲೆಕ್ಕ ತಿಳಿದಿರಲಿ: ಎರಡೂ ಪಕ್ಕದಲ್ಲಿ ಹೊಲಿಗೆಯನ್ನು ಕಾಲು ಇಂಚು ಸರಿಸಿದರೆ ಸುತ್ತಳತೆ ಒಂದು ಇಂಚು ಬದಲಾಗುತ್ತದೆ. ಪ್ರತಿ ಪಕ್ಕದಲ್ಲಿ ಮುಂಭಾಗ, ಹಿಂಭಾಗ ಎರಡೂ ಸೇರುತ್ತವಲ್ಲ, ಒಟ್ಟು ನಾಲ್ಕು ಸಲ ಕಾಲು ಇಂಚು. ತೋಳಿಗೆ ಒಂದೇ ಜೋಡಣೆ, ಹಾಗಾಗಿ ಅಲ್ಲಿ ಅರ್ಧ ಇಂಚು ಮಾತ್ರ. ಇದು ಗೊತ್ತಿಲ್ಲದೆ ನಾನು ಒಂದು ಸಡಿಲ ಬ್ಲೌಸನ್ನು ಎರಡೂ ಕಡೆ ಒಂದೊಂದು ಇಂಚು ಹಿಡಿದೆ. ನಾಲ್ಕು ಇಂಚು ಕಡಿಮೆಯಾಯಿತು, ತೋಳೇ ಏರಲಿಲ್ಲ. ಹೆಚ್ಚುವರಿ ಬಟ್ಟೆಯನ್ನು ಕತ್ತರಿಸದೆ ಬಿಟ್ಟಿದ್ದೆ, ಅದರಿಂದ ಬ್ಲೌಸು ಉಳಿಯಿತು. ಈಗ ಮೊದಲು ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕೈ ಎತ್ತಿ ನೋಡುತ್ತೇನೆ. ಸರಿಯಿದ್ದರೆ ಮಾತ್ರ ಗಟ್ಟಿ ಹೊಲಿಗೆ.

ಜೀನ್ಸ್ ಉದ್ದ ಕಡಿಮೆ ಮಾಡೋದು ಇನ್ನೊಂದು ಉಪಯೋಗದ ಕೆಲಸ. ಕಂಪನಿಯ ಮೂಲ ಅಂಚನ್ನು ಕತ್ತರಿಸಿ ಬಿಸಾಡಬೇಕಿಲ್ಲ. ಮೂರು ಇಂಚು ಕಡಿಮೆ ಮಾಡಬೇಕು ಅಂದುಕೊಳ್ಳಿ. ಕಾಲಿನ ತುದಿಯನ್ನು ಹೊರಗಡೆಗೆ ಮಡಿಸಿ. ಅಂಚಿನ ಹೊಲಿಗೆಯಿಂದ ಮಡಿಕೆಯವರೆಗೆ ಒಂದೂವರೆ ಇಂಚು ಇರಬೇಕು, ಅಂದರೆ ಬೇಕಾದದ್ದರ ಅರ್ಧ. ಆ ಹಳೇ ಹೊಲಿಗೆಗೆ ಅಂಟಿಕೊಂಡಂತೆ, ಅಂಚಿನ ಮೇಲೆ ಹತ್ತದ ಹಾಗೆ, ಸುತ್ತಲೂ ಒಂದು ಸಾಲು ಹೊಡೆಯಿರಿ. ಅಂಚನ್ನು ಕೆಳಗೆ ತಿರುಗಿಸಿ ಇಸ್ತ್ರಿ ಮಾಡಿದರೆ ಅಂಗಡಿಯಿಂದ ತಂದ ಹಾಗೇ ಕಾಣುತ್ತದೆ. ಆದರೆ ಜೀನ್ಸನ್ನು ಮೊದಲು ಒಗೆದಿರಬೇಕು. ಒಗೆಯುವ ಮೊದಲೇ ಅಳತೆ ಹಿಡಿದರೆ ಆಮೇಲೆ ಕುಗ್ಗಿ ಗಿಡ್ಡವಾಗುತ್ತದೆ. ಸೀರೆಯ ಫಾಲ್‌ಗೂ ಇದೇ ಮಾತು. ನೆನೆಸಿ ಒಣಗಿಸದ ಕಾಟನ್ ಫಾಲ್ ಹಾಕಿದರೆ ಮೊದಲ ಒಗೆತಕ್ಕೇ ಸೀರೆಯ ಅಂಚು ಸುಕ್ಕುಗಟ್ಟುತ್ತದೆ.

ಕೊರತೆಗಳೂ ಇವೆ. ಜೀನ್ಸಿನ ಪಕ್ಕದ ದಪ್ಪ ಜೋಡಣೆ ಬಂದಾಗ ಈ ಮಶೀನು ನಿಂತುಬಿಡುತ್ತದೆ. ಅಲ್ಲಿ ಪಾದದ ಹಿಂಭಾಗಕ್ಕೆ ಮಡಿಸಿದ ಬಟ್ಟೆಯ ತುಂಡು ಕೊಟ್ಟು ಮಟ್ಟ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಬೇಕು. ಆತುರಪಟ್ಟು ಪೆಡಲ್ ಒತ್ತಿ ಎರಡು ಸೂಜಿ ಮುರಿದಿದ್ದೇನೆ. ಕಾಜದ ಎರಡು ಬದಿ ಒಂದೇ ದಟ್ಟಣೆಯಲ್ಲಿ ಬರುವುದಿಲ್ಲ. ಸೀರೆಯ ಅಂಚು ಬಿಡದಂತೆ ಹಾಕುವ ಪಿಕೋ ಹೊಲಿಗೆ ಅಂಗಡಿಯಷ್ಟು ಚೆಂದ ಬರುವುದಿಲ್ಲ, ಅದನ್ನು ಈಗಲೂ ಗಾಂಧಿ ಬಜಾರಿನಲ್ಲೇ ಮಾಡಿಸುತ್ತೇನೆ. ಶಿವಮೊಗ್ಗದ ಮಳೆಗಾಲದಲ್ಲಿ ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ. ಆಗ ಅತ್ತೆಯ ಕಾಲಿನ ಮಶೀನೇ ಗತಿ. ಮನೆಯಲ್ಲಿ ಅಂಥದೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ರಿಪೇರಿಗೆ ಹೋದದ್ದು ಒಂದೇ ಸಲ, ಮೂರನೇ ವರ್ಷ. ಸೂಜಿಯ ಕೆಳಗೆ ಬಟ್ಟೆ ಎಳೆಯುವ ಹಲ್ಲುಗಳ ನಡುವೆ ನಾರು ಗಟ್ಟಿಯಾಗಿ ಕೂತು ಬಟ್ಟೆ ಮುಂದೆ ಸಾಗುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ, ಬ್ರಶ್ಶಿನಿಂದ ಒರೆಸುತ್ತೇನೆ. ಐದು ನಿಮಿಷದ ಕೆಲಸ.

ಆಲ್ಟರೇಷನ್‌ಗೆ ಅಂತಲೇ ಕೊಳ್ಳುವವರಿಗೆ ಈ ದರ್ಜೆಯ ಮಶೀನು ಸಾಕು. ಇದು ಕೆಟ್ಟರೆ ನಾನೂ ಇಂಥದ್ದನ್ನೇ ತರುತ್ತೇನೆ. ಆದರೆ ಈ ಸಲ ಅಂಗಡಿಗೆ ಹೋಗುವಾಗ ಹಳೇ ಜೀನ್ಸಿನ ಒಂದು ತುಂಡು, ಒಂದು ರೇಷ್ಮೆ ತುಂಡು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಅಂಗಡಿಯವರು ಕೊಡುವ ಕಾಟನ್ ಚೂರಿನ ಮೇಲೆ ಎಲ್ಲ ಮಶೀನೂ ಚೆನ್ನಾಗಿಯೇ ಹೊಲಿಯುತ್ತದೆ.